ಲಕ್ಕುಂಡಿ ಹತ್ತಿರದ ನಮ್ಮ ಹಳೆಯ ವಾಡೆಯನ್ನು ಪ್ರವಾಸಿಗರ ತಂಗುದಾಣ ಮಾಡಿದರೆ ಲೆಕ್ಕ ಕೂಡುತ್ತದೆಯೇ?

ಪ್ರಶ್ನೆ: ವಾಡೆಯ ಮೊಮ್ಮಗ, ಗದಗ

ಎಲ್ಲರಿಗೂ ನಮಸ್ಕಾರ. ಲಕ್ಕುಂಡಿಯಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿಯೊಂದರಲ್ಲಿ ನಮ್ಮ ಮನೆತನದ ವಾಡೆಯಿದೆ. ಕಲ್ಲಿನ ಗೋಡೆ, ಸಾಗವಾನಿ ಕಂಬ, ಮಣ್ಣಿನ ಮಾಳಿಗೆ (ಚಪ್ಪಟೆ ಛಾವಣಿ), ನಡುವೆ ದೊಡ್ಡ ಪಡಸಾಲೆ, ಹಿತ್ತಲಲ್ಲಿ ಬಾವಿ ಮತ್ತು ಈಗ ಖಾಲಿ ಬಿದ್ದಿರುವ ದನದ ಕೊಟ್ಟಿಗೆ ಇವೆ. ಮುಂಭಾಗದ ಎರಡು ಅಂಕಣಗಳಲ್ಲಿ ನಮ್ಮ ಕಾಕಾ ಮತ್ತು ಕಾಕಿ ವಾಸವಾಗಿದ್ದಾರೆ. ಉಳಿದದ್ದೆಲ್ಲ ಬೀಗ ಹಾಕಿಕೊಂಡಿದೆ. ಎರಡು ಮಳೆಗಾಲಗಳಿಂದ ಮಾಳಿಗೆ ಸೋರುತ್ತಿದೆ. ಕಂಬಗಳನ್ನು ಬಿಚ್ಚಿ ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಹೇಳಿ ಹಳೆಯ ಮರದ ವ್ಯಾಪಾರಿಗಳು ಈಗಾಗಲೇ ಎರಡು ಸಲ ಬಂದು ಹೋಗಿದ್ದಾರೆ.

ನಾನು ಮತ್ತು ನನ್ನ ಅಣ್ಣ ಇದನ್ನು ಮಾರುವ ಬದಲು ಎಂಟು ಕೋಣೆಗಳ ತಂಗುದಾಣವನ್ನಾಗಿ ಮಾಡಬೇಕೆಂದು ಯೋಚಿಸಿದ್ದೇವೆ. ಸುಣ್ಣದ ಗಾರೆಯಲ್ಲಿಯೇ ದುರಸ್ತಿ ಮಾಡುವುದು, ಮಳೆನೀರು ಮತ್ತು ಸೌರವಿದ್ಯುತ್ತನ್ನು ಬಳಸುವುದು, ಕೆಲಸಕ್ಕೆ ಊರಿನವರನ್ನೇ ಇಟ್ಟುಕೊಳ್ಳುವುದು ನಮ್ಮ ಉದ್ದೇಶ. ನಾವು ಮಾಡಿರುವ ಅಂದಾಜು ಹೀಗಿದೆ. ಕಟ್ಟಡದ ದುರಸ್ತಿಗೆ 48 ಲಕ್ಷ, ಶೌಚಾಲಯ, ನೀರು ಮತ್ತು ವಿದ್ಯುತ್ ಜೋಡಣೆಗೆ 17 ಲಕ್ಷ, ಪೀಠೋಪಕರಣಕ್ಕೆ 9 ಲಕ್ಷ, ಸೌರಫಲಕ ಹಾಗೂ ಮಳೆನೀರಿನ ವ್ಯವಸ್ಥೆಗೆ 7 ಲಕ್ಷ, ಇತರೆ 4 ಲಕ್ಷ, ಒಟ್ಟು 85 ಲಕ್ಷ ರೂಪಾಯಿ. ನಮ್ಮ ಕೈಯಲ್ಲಿ 30 ಲಕ್ಷವಿದೆ. ಉಳಿದ 55 ಲಕ್ಷವನ್ನು ಸಾಲವಾಗಿ ತರಬೇಕು. ಕೋಣೆಯೊಂದಕ್ಕೆ ದಿನಕ್ಕೆ 3,000 ರೂಪಾಯಿ ಬಾಡಿಗೆ ಹಿಡಿದು, ವರ್ಷವಿಡೀ ಸರಾಸರಿ ಶೇ 60ರಷ್ಟು ಕೋಣೆಗಳು ತುಂಬುತ್ತವೆ ಎಂದುಕೊಂಡರೆ 52.56 ಲಕ್ಷ ಆದಾಯ ಬರುತ್ತದೆ. ಖರ್ಚು 24 ಲಕ್ಷ ಕಳೆದರೆ 28 ಲಕ್ಷಕ್ಕೂ ಮೇಲೆ ಉಳಿಯುತ್ತದೆ. ಅಂದರೆ ಮೂರು ವರ್ಷಗಳಲ್ಲಿ ಹಾಕಿದ ಹಣ ವಾಪಸಾಗಬೇಕು.

ನಮ್ಮ ಆಶಯಕ್ಕೆ ಆಧಾರವೂ ಇದೆ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ದೇವಾಲಯ, ಮುಸುಕಿನ ಬಾವಿ, ಡಂಬಳದ ದೊಡ್ಡಬಸಪ್ಪ, ಗದಗದ ತ್ರಿಕೂಟೇಶ್ವರ ಮತ್ತು ವೀರನಾರಾಯಣ, ಇವೆಲ್ಲ ಒಂದು ದಿನದ ಓಡಾಟದೊಳಗಿವೆ. ಹುಬ್ಬಳ್ಳಿಯಿಂದ ಹಂಪಿಗೆ ಹೋಗುವವರೆಲ್ಲ ಇದೇ ಹೆದ್ದಾರಿಯಲ್ಲಿ ಹಾದುಹೋಗುತ್ತಾರೆ. ಆದರೆ ಅಣ್ಣನಿಗೆ ಇರುವಷ್ಟು ಧೈರ್ಯ ನನಗಿಲ್ಲ. ನಮ್ಮ ಲೆಕ್ಕದಲ್ಲಿ ತಪ್ಪೆಲ್ಲಿದೆ ಎಂಬುದನ್ನು ಅನುಭವವುಳ್ಳವರು ದಾಕ್ಷಿಣ್ಯವಿಲ್ಲದೆ ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ 1: ಜಮಾಖರ್ಚು, ಹುಬ್ಬಳ್ಳಿ

ದಾಕ್ಷಿಣ್ಯ ಬೇಡವೆಂದು ತಾವೇ ಹೇಳಿರುವುದರಿಂದ ನೇರವಾಗಿ ಬರೆಯುತ್ತೇನೆ. ತಮ್ಮ ಖರ್ಚಿನ ಪಟ್ಟಿಯಲ್ಲಿ ಎಚ್ಚರವಿದೆ, ಆದಾಯದ ಪಟ್ಟಿಯಲ್ಲಿ ಆಸೆಯಿದೆ. ಲೆಕ್ಕಪತ್ರ ನೋಡುವ ನನ್ನ ವೃತ್ತಿಯಲ್ಲಿ ಹೊಸ ಉದ್ಯಮಗಳ ವರದಿಗಳು ಬಹುತೇಕ ಹೀಗೆಯೇ ಇರುತ್ತವೆ. ಸಿಮೆಂಟು, ಮರ, ಕೂಲಿಯ ದರವನ್ನು ನಾಲ್ಕು ಕಡೆ ವಿಚಾರಿಸಿ ಬರೆದಿರುತ್ತಾರೆ. ಗಿರಾಕಿಗಳ ಸಂಖ್ಯೆಯನ್ನು ಮಾತ್ರ ಯಾರನ್ನೂ ವಿಚಾರಿಸದೆ ಬರೆದಿರುತ್ತಾರೆ. ತಮ್ಮ ಶೇ 60 ಎಲ್ಲಿಂದ ಬಂತು?

ವರ್ಷವನ್ನು ಒಂದೇ ಸರಾಸರಿಯಲ್ಲಿ ಮುಗಿಸದೆ ನಾಲ್ಕು ತುಂಡುಗಳಾಗಿ ಒಡೆದು ನೋಡಿ. ನಮ್ಮ ಸೀಮೆಯಲ್ಲಿ ಸುತ್ತಾಡಲು ಹಿತವಾದ ಕಾಲ ನವೆಂಬರಿನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು, ಸುಮಾರು 120 ದಿನ. ಅದರಲ್ಲಿ ವಾರಾಂತ್ಯದ ರಾತ್ರಿಗಳು 34, ಉಳಿದವು 86. ಹಂಗಾಮಿಲ್ಲದ 245 ದಿನಗಳಲ್ಲಿ ವಾರಾಂತ್ಯದ ರಾತ್ರಿಗಳು 70, ಉಳಿದವು 175. ಹೆಸರು ಇನ್ನೂ ಹರಡದ ಹೊಸ ಜಾಗಕ್ಕೆ ಹಂಗಾಮಿನ ವಾರಾಂತ್ಯದಲ್ಲಿ ಎಂಟರಲ್ಲಿ ಐದು ಕೋಣೆ, ಹಂಗಾಮಿನ ವಾರದ ದಿನಗಳಲ್ಲಿ ಎರಡು, ಹಂಗಾಮಿಲ್ಲದ ವಾರಾಂತ್ಯದಲ್ಲಿ ಎರಡು, ಮತ್ತು ಏಪ್ರಿಲ್ ಬಿಸಿಲಿನ ಮಂಗಳವಾರದಂಥ ದಿನಗಳಲ್ಲಿ ಎರಡು ದಿನಕ್ಕೊಂದು ಕೋಣೆ ಹೋಗುತ್ತದೆ ಎಂದು ಹಿಡಿಯೋಣ. 170, 172, 140 ಮತ್ತು 88 ಕೂಡಿದರೆ ವರ್ಷಕ್ಕೆ 570 ಕೋಣೆ-ರಾತ್ರಿಗಳಾಗುತ್ತವೆ (ಒಂದು ಕೋಣೆ ಒಂದು ರಾತ್ರಿ ತುಂಬಿದರೆ ಒಂದು). ಎಂಟು ಕೋಣೆಗಳಿಗೆ ವರ್ಷದಲ್ಲಿ ಇರುವ 2,920ರಲ್ಲಿ ಇದು ಶೇ 20ಕ್ಕೂ ಒಂದಿಷ್ಟು ಕಡಿಮೆ. ಇದು ನನ್ನ ಊಹೆಯೇ ಹೊರತು ಸತ್ಯವಲ್ಲ. ಆದರೆ ತಮ್ಮ ಊಹೆಗಿಂತ ಇದರಲ್ಲಿ ಒಂದು ಅನುಕೂಲವಿದೆ: ನಾಲ್ಕು ತುಂಡುಗಳಲ್ಲಿ ಯಾವುದು ತಪ್ಪೆಂದು ಬೇರೆಯವರು ಬೆರಳಿಟ್ಟು ತೋರಿಸಬಹುದು.

ಇನ್ನು ದರ. 3,000 ರೂಪಾಯಿ ಎಂದು ಫಲಕ ಹಾಕಿದರೂ ಬುಕಿಂಗ್ ಆ್ಯಪ್‌ಗಳ ಕಮಿಷನ್ನು, ಮಳೆಗಾಲದ ರಿಯಾಯಿತಿ, ಪರಿಚಯದವರ ಮುಲಾಜು ಎಲ್ಲ ಕಳೆದು ಕೈಗೆ ಬರುವುದು 2,600 ಎಂದುಕೊಳ್ಳಿ. ಬಟ್ಟೆ ಒಗೆಸುವುದು, ಬೆಳಗಿನ ಉಪಾಹಾರ, ಸಾಬೂನು ಇತ್ಯಾದಿಗೆ ರಾತ್ರಿಗೆ 500 ಹೋದರೆ ಉಳಿಯುವುದು 2,100. ಅತಿಥಿಗಳು ಬರಲಿ ಬಿಡಲಿ ತಪ್ಪದ ಖರ್ಚುಗಳಲ್ಲಿ ಐದು ಜನರ ಸಂಬಳ 9 ಲಕ್ಷ, ವಿದ್ಯುತ್ತು, ವಿಮೆ, ಪ್ರಚಾರ, ಲೆಕ್ಕಪತ್ರಕ್ಕೆ 2.5 ಲಕ್ಷ, ಕಟ್ಟಡದ ದುರಸ್ತಿ ನಿಧಿಗೆ 2 ಲಕ್ಷ, ಒಟ್ಟು 13.5 ಲಕ್ಷ. 570 ರಾತ್ರಿಗಳಿಂದ ಬರುವ 11.97 ಲಕ್ಷ ಇದಕ್ಕೇ ಸಾಲುವುದಿಲ್ಲ. ಒಂದೂವರೆ ಲಕ್ಷ ಕೈಯಿಂದ ಹೋಗುತ್ತದೆ.

ಸಾಲದ ಕಂತನ್ನು ಇನ್ನೂ ಸೇರಿಸಿಯೇ ಇಲ್ಲ. ತಮ್ಮ ಲೆಕ್ಕದಲ್ಲಿಯೂ ಅದು ಕಾಣುವುದಿಲ್ಲ. 55 ಲಕ್ಷಕ್ಕೆ ಶೇ 10.5ರ ಬಡ್ಡಿಯಂತೆ ಹತ್ತು ವರ್ಷಗಳ ಅವಧಿಯೆಂದರೆ ತಿಂಗಳಿಗೆ 74 ಸಾವಿರ, ವರ್ಷಕ್ಕೆ ಸುಮಾರು 8.9 ಲಕ್ಷ. ತಪ್ಪದ ಖರ್ಚು ಮತ್ತು ಕಂತು ಸೇರಿ 22.4 ಲಕ್ಷ, ಅದನ್ನು 2,100ರಿಂದ ಭಾಗಿಸಿದರೆ 1,067 ರಾತ್ರಿಗಳು. ಸರಳವಾಗಿ ಹೇಳಬೇಕೆಂದರೆ, ವರ್ಷದ 365 ರಾತ್ರಿಯೂ, ಮೇ ತಿಂಗಳ ಸೆಕೆಯಲ್ಲಿಯೂ ಯುಗಾದಿಯ ದಿನವೂ, ಸರಾಸರಿ ಮೂರು ಕೋಣೆಗಳು ತುಂಬಿರಬೇಕು. ಆಗ ತಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಮ್ಮ 30 ಲಕ್ಷಕ್ಕೆ ಒಂದು ಪೈಸೆ ಬಡ್ಡಿಯೂ ಇಲ್ಲ.

ತೆರಿಗೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ರ ದರವಿದೆ, ಆದರೆ ಹೂಡುವಳಿ ತೆರಿಗೆಯ ಜಮೆ (ಸಾಮಗ್ರಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ಹೀಗಾಗಿ ದುರಸ್ತಿಯ ಸಾಮಗ್ರಿಗಳ ಮೇಲೆ ಕೊಟ್ಟ ತೆರಿಗೆಯೆಲ್ಲ ತಮ್ಮ ಬಂಡವಾಳದ ಖರ್ಚೇ. 85 ಲಕ್ಷದ ಅಂದಾಜನ್ನು ತೆರಿಗೆ ಸೇರಿಸಿ ಮಾಡಿದ್ದೀರಾ ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಿ.


ಉತ್ತರ 2: ಸುಣ್ಣ-ಬೆಲ್ಲ, ಗದಗ

ನಾನು ಹಳೆಯ ಮನೆಗಳ ದುರಸ್ತಿ ಕೆಲಸವನ್ನು ಮಾಡಿಸುವ ಎಂಜಿನಿಯರ್. ಮೇಲಿನವರು ದುರಸ್ತಿ ನಿಧಿಗೆ 2 ಲಕ್ಷ ತೆಗೆದಿಟ್ಟದ್ದನ್ನು ನೋಡಿ ಸಂತೋಷವಾಯಿತು, ಏಕೆಂದರೆ ಮಾಲೀಕರು ಸಾಮಾನ್ಯವಾಗಿ ದುರಸ್ತಿಯನ್ನು ಒಂದು ಸಲ ಮಾಡಿ ಮುಗಿಸುವ ಕೆಲಸವೆಂದು ತಿಳಿಯುತ್ತಾರೆ. ಮಣ್ಣಿನ ಮಾಳಿಗೆ ಹಾಗಲ್ಲ. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹರಡಿ ತುಳಿಸುವುದು, ಮೊಳೆತ ಗಿಡವನ್ನು ಬೇರುಸಹಿತ ಕೀಳುವುದು, ಜಂತಿಗಳಿಗೆ ಗೆದ್ದಲು ಹತ್ತಿದೆಯೇ ಎಂದು ತಟ್ಟಿ ನೋಡುವುದು ಮನೆ ಇರುವವರೆಗೂ ಇರುವ ಕೆಲಸ. ಹಿಂದೆ ಅದನ್ನು ಮನೆಯ ಆಳುಮಕ್ಕಳು ಮಾಡುತ್ತಿದ್ದರು, ಆದ್ದರಿಂದ ಖರ್ಚೆಂದು ಯಾರೂ ಬರೆಯುತ್ತಿರಲಿಲ್ಲ. ಈಗ ಪ್ರತಿ ಪಗಾರವನ್ನೂ ಬರೆಯಬೇಕು.

ನಡುವಿನ ಯಾವುದೋ ವರ್ಷದಲ್ಲಿ ಬೇಸತ್ತು ಮಾಳಿಗೆಯ ಮೇಲೆ ಕಾಂಕ್ರೀಟು ಸುರಿಸುವ, ಗೋಡೆಗೆ ಸಿಮೆಂಟು ಬಳಿಸುವ ಮನಸ್ಸಾಗುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಮಣ್ಣಿನ ಕೆಸರಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ನೆಲದ ತೇವವನ್ನು ಮೇಲಕ್ಕೆ ಹೀರಿ ಗಾರೆಯ ಮೂಲಕ ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿದಾಗ ತೇವ ಒಳಗೇ ನಿಲ್ಲುತ್ತದೆ, ಉಪ್ಪು ಹರಳುಗಟ್ಟುತ್ತದೆ, ನಾಲ್ಕೈದು ವರ್ಷಗಳಲ್ಲಿ ಗಿಲಾವು ಹಪ್ಪಳದಂತೆ ಏಳುತ್ತದೆ. ಗಾರೆ ಮೊದಲಿಗೆ ತುಟ್ಟಿ, ಕೆಲಸ ನಿಧಾನ, ಬಲ್ಲ ಕೈಗಳೂ ಕಡಿಮೆ. ಆದರೆ ಹತ್ತು ವರ್ಷಗಳ ಖರ್ಚನ್ನು ಒಟ್ಟಿಗೆ ಇಟ್ಟು ನೋಡಿದರೆ ಅದೇ ಅಗ್ಗ.

ತಮ್ಮ 17 ಲಕ್ಷದ ಬಾಬಿನ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಎಂಟು ಕೋಣೆಗಳಿಗೂ ಪ್ರತ್ಯೇಕವಾಗಿ, ಕೋಣೆಗೇ ಹೊಂದಿಕೊಂಡ ಬಚ್ಚಲು ಬೇಕೆಂದರೆ ದಪ್ಪ ಗೋಡೆಗಳನ್ನು ಕೊರೆದು ಕೊಳವೆ ಹಾಕಬೇಕು, ಮರದ ತೊಲೆಗಳ ಪಕ್ಕದಲ್ಲಿ ನಿತ್ಯ ನೀರು ಹರಿಯಬೇಕು. ವಾಡೆ ಹಾಳಾಗುವುದು ಅಲ್ಲಿಂದಲೇ. ಬಚ್ಚಲು ಮತ್ತು ಶೌಚಾಲಯಗಳನ್ನೆಲ್ಲ ಹಿತ್ತಲ ಕೊಟ್ಟಿಗೆಯ ಜಾಗಕ್ಕೆ ಒಯ್ಯಿರಿ. ಹಗಲು ಬೆಳಕು ಬೀಳುವಂತೆ, ಮೇಲೆ ಮುಚ್ಚಿದ ಓಣಿಯಿರುವಂತೆ ಕಟ್ಟಿಸಿದರೆ ಅತಿಥಿಗಳೂ ಒಪ್ಪುತ್ತಾರೆ. ಎಲ್ಲರೂ ಒಪ್ಪುವುದಿಲ್ಲ ಎಂಬುದೂ ನಿಜ. ಹಾಗೆ ಒಪ್ಪದವರಿಂದ ಬರುವ ಬಾಡಿಗೆಯನ್ನು ಬಿಟ್ಟುಕೊಡಬೇಕು.

ನೀರಿನ ಲೆಕ್ಕವನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ತಮ್ಮ ಮಾಳಿಗೆ 300 ಚದರ ಮೀಟರ್ ಇದ್ದರೆ ಅದರ ಮೇಲೆ ಬೀಳುವುದು 1.8 ಲಕ್ಷ ಲೀಟರ್. ಮಣ್ಣು ಕುಡಿದು, ಆವಿಯಾಗಿ, ತೊಟ್ಟಿಗೆ ಇಳಿಯುವುದು ಒಂದು ಲಕ್ಷದ ಆಸುಪಾಸು. ತಲೆಗೆ ದಿನಕ್ಕೆ 135 ಲೀಟರ್‌ನಂತೆ ಇಬ್ಬರಿರುವ ಕೋಣೆಗಳ 570 ರಾತ್ರಿಗಳಿಗೆ ಬೇಕಾದದ್ದು 1.54 ಲಕ್ಷ ಲೀಟರ್. ಅದು ಬಾವಿಯ ಆಸರೆಯಿಂದ ಹೇಗೋ ನಡೆದೀತು. ಆದರೆ ತಮ್ಮ ಅಣ್ಣನವರು ಹೇಳುವ ಶೇ 60 ನಿಜವಾದರೆ 4.7 ಲಕ್ಷ ಲೀಟರ್ ಬೇಕು. ಬೇಸಿಗೆಯಲ್ಲಿ ಊರಿನ ಹೆಣ್ಣುಮಕ್ಕಳು ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕಾಯುವಾಗ ತಮ್ಮ ಅಂಗಳಕ್ಕೆ ಟ್ಯಾಂಕರ್ ಬಂದು ನಿಂತರೆ, ಸೌರಫಲಕ ಎಷ್ಟಿದ್ದರೂ ಅದನ್ನು ಸುಸ್ಥಿರ ಪ್ರವಾಸೋದ್ಯಮ ಎನ್ನಲು ಬರುವುದಿಲ್ಲ. ಎಷ್ಟು ಕೋಣೆ ಎಂಬುದನ್ನು ಬ್ಯಾಂಕಿಗಿಂತ ಮೊದಲು ಬಾವಿಯನ್ನು ಕೇಳಿ ನಿರ್ಧರಿಸಿ.

ಕಾಗದಪತ್ರದ ಎರಡು ಮಾತು. ತಮ್ಮ ಹಳ್ಳಿಯಲ್ಲಿ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವೇನಾದರೂ ಇದ್ದರೆ ಅದರ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ದುರಸ್ತಿಗೂ ಮೊದಲೇ ಅನುಮತಿ ಪಡೆಯಬೇಕು. ಎರಡನೆಯದಾಗಿ, ವಾಡೆ ಯಾರ ಹೆಸರಿನಲ್ಲಿದೆ? ಅಜ್ಜನ ಹೆಸರಿನಲ್ಲಿಯೇ ಇದ್ದರೆ ಕಾಕಂದಿರು, ಅತ್ತೆಯಂದಿರು ಎಲ್ಲರ ಹಿಸ್ಸೆಯೂ ಇತ್ಯರ್ಥವಾಗಿ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ಕೈಗೆ ಬರುವವರೆಗೆ ಒಂದು ಕಲ್ಲನ್ನೂ ಸರಿಸಬೇಡಿ. ದುರಸ್ತಿಯಾಗಿ ಬೆಲೆ ಬಂದ ಮೇಲೆ ಹುಟ್ಟುವ ಹಕ್ಕುದಾರರು ಮೊದಲಿನವರಿಗಿಂತ ಹೆಚ್ಚು.


ಉತ್ತರ 3: ಮಧ್ಯಾಹ್ನದ ಊಟ, ಹಾವೇರಿ ಜಿಲ್ಲೆ

ನಾನು ಮತ್ತು ನನ್ನ ಮನೆಯವರು ನಾಲ್ಕು ಕೋಣೆಗಳ ಇಂಥದೇ ಒಂದು ಜಾಗವನ್ನು ಮೂರು ವರ್ಷ ನಡೆಸಿ, ಈಗ ಕೋಣೆಗಳನ್ನು ಮುಚ್ಚಿ ಊಟದ ವ್ಯವಸ್ಥೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಬಂಕಾಪುರದ ನಗರೇಶ್ವರ ದೇವಾಲಯ ಮತ್ತು ನವಿಲುಗಳು, ಹಾವೇರಿಯ ಸಿದ್ಧೇಶ್ವರ, ಗಳಗನಾಥ, ಗೊಟಗೋಡಿಯ ಶಿಲ್ಪವನ, ಇವನ್ನೆಲ್ಲ ನೋಡಲು ಬಂದವರು ನಮ್ಮಲ್ಲಿ ಉಳಿಯುತ್ತಾರೆ ಎಂದುಕೊಂಡಿದ್ದೆವು. ಜನ ಬಂದರು. ಉಳಿಯಲಿಲ್ಲ.

ಅದಕ್ಕೆ ಕಾರಣ ನಮಗೆ ತಡವಾಗಿ ತಿಳಿಯಿತು, ತಮಗಾದರೂ ಬೇಗ ತಿಳಿಯಲಿ. ಒಬ್ಬ ಪ್ರವಾಸಿ ಒಂದು ಊರಿನಲ್ಲಿ ರಾತ್ರಿ ಉಳಿಯುವುದು ಆ ಊರು ಚೆನ್ನಾಗಿದೆ ಎಂಬ ಕಾರಣಕ್ಕಲ್ಲ. ಅಲ್ಲಿ ಅವನಿಗೆ ಕತ್ತಲಾಗುವುದರಿಂದ, ಅಥವಾ ಅಲ್ಲಿ ಅವನು ಬೆಳಗಿನ ಜಾವ ಇರಬೇಕಾಗುವುದರಿಂದ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟವರು ಹತ್ತರ ಹೊತ್ತಿಗೆ ಲಕ್ಕುಂಡಿ ಮುಟ್ಟಿ, ಮೂರು ತಾಸು ಸುತ್ತಾಡಿ, ಒಂದು ಗಂಟೆಗೆ ಹಸಿದುಕೊಂಡು ಕಾರು ಹತ್ತುತ್ತಾರೆ. ಕತ್ತಲಾಗುವುದು ಹೊಸಪೇಟೆಯಲ್ಲಿ. ತಾವಿರುವ ಜಾಗಕ್ಕೆ ಸೇರಿದ್ದು ಅವರ ಹಸಿವೇ ಹೊರತು ನಿದ್ದೆಯಲ್ಲ.

ನಾವು ಈಗ ಮುಂಚಿತವಾಗಿ ತಿಳಿಸಿದವರಿಗೆ ಮಾತ್ರ ಊಟ ಕೊಡುತ್ತೇವೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಗುರೆಳ್ಳು ಚಟ್ನಿ, ಕೆನೆಮೊಸರು, ಒಂದು ಸಿಹಿ. ರೊಟ್ಟಿಯನ್ನು ಊರಿನ ಆರು ಮಂದಿ ಹೆಣ್ಣುಮಕ್ಕಳು ಸರದಿಯಂತೆ ಬಡಿಯುತ್ತಾರೆ, ಲೆಕ್ಕ ರೊಟ್ಟಿಗಿಷ್ಟು ಎಂದು. ಒಂದು ಊಟಕ್ಕೆ 280 ರೂಪಾಯಿ ತೆಗೆದುಕೊಂಡರೆ ಸಾಮಗ್ರಿ ಮತ್ತು ಕೂಲಿಗೆ 150 ಹೋಗುತ್ತದೆ, 130 ಉಳಿಯುತ್ತದೆ. ಕೋಣೆ ಖಾಲಿಯಿದ್ದರೂ ಸಂಬಳ ನಿಲ್ಲುವುದಿಲ್ಲ. ಊಟಕ್ಕೆ ಯಾರೂ ಬಾರದ ದಿನ ಖರ್ಚೂ ಇಲ್ಲ. ಈ ಒಂದು ವ್ಯತ್ಯಾಸವೇ ನಮ್ಮನ್ನು ಉಳಿಸಿದೆ.

ಪ್ರವಾಸಿ ತಂಡಗಳನ್ನು ತಂದುಕೊಡುತ್ತೇನೆಂದು ಮುಂಗಡ ಹಣ ಪಡೆದ ದಲ್ಲಾಳಿಯೊಬ್ಬರು ಒಂದು ಬಸ್ಸನ್ನೂ ತರಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ನಮಗೆ ನಿಜವಾಗಿ ಗಿರಾಕಿಗಳನ್ನು ತಂದವರು ಬಾಡಿಗೆ ಕಾರಿನ ಚಾಲಕರು. ಅವರಿಗೆ ಪುಕ್ಕಟೆ ಊಟ ಮತ್ತು ನೆರಳಿನಲ್ಲಿ ಒಂದು ಮಂಚ ಕೊಡುತ್ತೇವೆ. ನಮ್ಮ ಪ್ರಚಾರದ ಒಟ್ಟು ಖರ್ಚು ಅಷ್ಟೇ.

ಬೆಳಗಿನ ಜಾವ ಇರಬೇಕಾದವರು ಯಾರು ಎಂಬುದನ್ನೂ ಹುಡುಕಿ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಹಕ್ಕಿ ನೋಡುವವರು ಸೂರ್ಯೋದಯಕ್ಕೆ ಕೆರೆಯ ದಂಡೆಯ ಮೇಲಿರಬೇಕು, ಆದ್ದರಿಂದ ಹಿಂದಿನ ರಾತ್ರಿ ಹತ್ತಿರದಲ್ಲಿಯೇ ಮಲಗಬೇಕು. ಕಪ್ಪತಗುಡ್ಡ ಹತ್ತುವವರದೂ ಅದೇ ಕಥೆ. ಸಂಖ್ಯೆ ದೊಡ್ಡದಲ್ಲ. ಆದರೆ ಅವರು ಹಿತ್ತಲಿನ ಬಚ್ಚಲಿಗೆ ಗೊಣಗುವವರೂ ಅಲ್ಲ.


ಉತ್ತರ 4: ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಜಮಾಖರ್ಚು ಅವರ ಲೆಕ್ಕ ಸರಿಯಾಗಿದೆ, ಆದರೆ ಬ್ಯಾಂಕು ಅಷ್ಟು ಮಾತ್ರಕ್ಕೆ ಸಾಲ ಕೊಡುವುದಿಲ್ಲ. ಲಾಭ-ನಷ್ಟ ಸಮವಾಗುವ ಯೋಜನೆಗೆ ಸಾಲ ಕೊಟ್ಟರೆ ಒಂದು ಬರಗಾಲ ಅಥವಾ ಒಂದು ಸಾಂಕ್ರಾಮಿಕ ಬಂದರೂ ಕಂತು ನಿಲ್ಲುತ್ತದೆ. 2020ರಲ್ಲಿ ಅದನ್ನು ಎಲ್ಲರೂ ಕಂಡಿದ್ದೇವೆ. ಕಂತಿಗೆ ಬೇಕಾದ ಹಣದ ಒಂದೂವರೆ ಪಟ್ಟು ಉಳಿಯುತ್ತದೆಯೇ ಎಂದು ನಾವು ನೋಡುತ್ತಿದ್ದೆವು. ತಮ್ಮ ಯೋಜನೆಗೆ ಅದನ್ನು ಅನ್ವಯಿಸಿದರೆ ವರ್ಷಕ್ಕೆ 13.35 ಲಕ್ಷ ಉಳಿಯಬೇಕು, ಅದಕ್ಕೆ ಸುಮಾರು 1,280 ರಾತ್ರಿಗಳು ತುಂಬಬೇಕು. ಪ್ರತಿ ರಾತ್ರಿ ಮೂರೂವರೆ ಕೋಣೆ. ನಾನು ಆ ಕುರ್ಚಿಯಲ್ಲಿ ಇದ್ದಿದ್ದರೆ ಕಡತವನ್ನು ಗೌರವದಿಂದ ಹಿಂದಿರುಗಿಸುತ್ತಿದ್ದೆ.

ಸಹಾಯಧನವನ್ನು ನಂಬಿ ಯೋಜನೆಯನ್ನು ಹಿಗ್ಗಿಸಬೇಡಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸೇವಾ ಘಟಕದ ಗರಿಷ್ಠ ಯೋಜನಾ ವೆಚ್ಚ 20 ಲಕ್ಷ. ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಅದರ ಶೇ 25, ವಿಶೇಷ ವರ್ಗದವರಿಗೆ ಮತ್ತು ಮಹಿಳೆಯರಿಗೆ ಶೇ 35 ಸಹಾಯಧನ. ಆ ಹಣವೂ ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಇರುತ್ತದೆಯೇ ಹೊರತು ಮಾಳಿಗೆ ಸೋರುವಾಗ ಕೈಗೆ ಸಿಗುವುದಿಲ್ಲ. ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲಿ ಪ್ರೋತ್ಸಾಹಧನಗಳಿವೆ, ಅರ್ಜಿ ಹಾಕಿರಿ. ಬಂದರೆ ಅದನ್ನು ದುರಸ್ತಿ ನಿಧಿಗೆ ಸೇರಿಸಿ. ಅದು ಬಾರದಿದ್ದರೆ ನಿಂತುಹೋಗುವಂಥ ಯೋಜನೆಯನ್ನು ಆರಂಭಿಸಲೇಬೇಡಿ.

ಇಲ್ಲಿ ಯಾರೂ ಎತ್ತದ ಒಂದು ಪ್ರಶ್ನೆಯಿದೆ. 85 ಲಕ್ಷದಲ್ಲಿ ಅತಿಥಿಗಳಿಗಾಗಿ ಮಾಡುವ ಖರ್ಚು ಎಷ್ಟು, ಅತಿಥಿಗಳು ಬಾರದಿದ್ದರೂ ಮನೆ ಉಳಿಯಬೇಕಾದರೆ ಮಾಡಲೇಬೇಕಾದ ಖರ್ಚು ಎಷ್ಟು? ಸೋರುವ ಮಾಳಿಗೆಯ ಕೆಳಗೆ ವಯಸ್ಸಾದ ಇಬ್ಬರು ವಾಸವಾಗಿದ್ದಾರೆ. ಅದರ ದುರಸ್ತಿಯನ್ನು ಪ್ರವಾಸೋದ್ಯಮದ ತಲೆಗೆ ಕಟ್ಟಿ, ಲಾಭ ಬರಲಿಲ್ಲವೆಂದು ವಾಡೆಯನ್ನು ಬಯ್ಯುವುದು ಸರಿಯಲ್ಲ. ಹಾಗೆಯೇ ಮನೆತನದ ಮಮತೆಗಾಗಿ ಮಾಡುವ ಖರ್ಚನ್ನು ಹೂಡಿಕೆ ಎಂದು ಕರೆದು ಸಾಲ ತರುವುದೂ ಸರಿಯಲ್ಲ. ಎರಡನ್ನೂ ಬೇರೆ ಬೇರೆ ಹಾಳೆಗಳಲ್ಲಿ ಬರೆಯಿರಿ. ಕಾಕಾ ಅವರು ಅಲ್ಲಿಯೇ ವಾಸವಿರುವುದು ಹೋಂಸ್ಟೇ ನೋಂದಣಿಗೂ ಅನುಕೂಲ, ಅದನ್ನು ಕಳೆದುಕೊಳ್ಳಬೇಡಿ.


ಉತ್ತರ 5: ಛಾಯಾಗ್ರಾಹಕ, ಹುಬ್ಬಳ್ಳಿ

ಮದುವೆಗೆ ಮುಂಚಿನ ಫೋಟೋ ಶೂಟಿಂಗ್‌ಗೆ ಇಂಥ ವಾಡೆಗಳಿಗೆ ಒಳ್ಳೆಯ ಬೇಡಿಕೆಯಿದೆ. ದಿನಕ್ಕೆ ಐದು ಸಾವಿರ ಕೊಡಲು ಜೋಡಿಗಳು ಹಿಂದೆಮುಂದೆ ನೋಡುವುದಿಲ್ಲ. ತಿಂಗಳಿಗೆ ನಾಲ್ಕು ಬಂದರೂ ಕೋಣೆಗಳ ಗೋಜಿಲ್ಲದೆ ವರ್ಷಕ್ಕೆ 2.4 ಲಕ್ಷ. ಇದನ್ನು ಏಕೆ ಯಾರೂ ಹೇಳಲಿಲ್ಲ?


ಉತ್ತರ 6: ಸುಣ್ಣ-ಬೆಲ್ಲ, ಗದಗ

ಹೇಳದಿರಲು ಕಾರಣವಿದೆ. ನಾನು ದುರಸ್ತಿ ಮಾಡಿಸಿದ ಒಂದು ಮನೆಯಲ್ಲಿ ಬಣ್ಣದ ಹೊಗೆ ಹಾರಿಸಿ ಗಾರೆಯ ಗೋಡೆಯನ್ನು ಗುಲಾಬಿ ಮಾಡಿ ಹೋದರು. ಗಾರೆ ಬಣ್ಣವನ್ನು ಹೀರಿಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ಕೊಡುವುದಾದರೆ ಠೇವಣಿ ಇರಿಸಿಕೊಂಡು, ಹೊಗೆ, ನೀರು, ಬಣ್ಣದ ಪುಡಿ ಮತ್ತು ಮೊಳೆ ಬೇಡವೆಂದು ಬರೆಯಿಸಿಕೊಂಡು ಕೊಡಿ. ಮಾಳಿಗೆಯ ಮೇಲೆ ಮಾತ್ರ ಯಾರನ್ನೂ ಹತ್ತಿಸಬೇಡಿ.


ಪ್ರಶ್ನೆ ಕೇಳಿದವರಿಂದ: ವಾಡೆಯ ಮೊಮ್ಮಗ, ಗದಗ

ಎಲ್ಲರಿಗೂ ಋಣಿಯಾಗಿದ್ದೇನೆ. ಈ ಉತ್ತರಗಳನ್ನು ಮುದ್ರಿಸಿ ಒಯ್ದು ಕಾಕಾ ಅವರ ಮುಂದೆ ಓದಿದೆವು. ಬಾವಿಯನ್ನು ಕೇಳಿ ಎಂಬ ಮಾತಿಗೆ ಅವರು ನಕ್ಕು, ಅದು ಏಪ್ರಿಲ್ ಕೊನೆಗೆ ಎರಡು ಮೊಳ ನೀರಿಗೆ ಇಳಿಯುತ್ತದೆ ಎಂದರು. ನಾವು ಇಷ್ಟು ದಿನ ಅವರನ್ನೇ ಕೇಳಿರಲಿಲ್ಲ.

ಹೊಸ ಲೆಕ್ಕ ಹೀಗಾಗಿದೆ. ಸಾಲವಿಲ್ಲ. ಇಡೀ ಮಾಳಿಗೆಯ ದುರಸ್ತಿಗೆ 12 ಲಕ್ಷ. ಇದನ್ನು ಮನೆಯ ಹಾಳೆಯಲ್ಲಿ ಬರೆದಿದ್ದೇವೆ. ಎರಡು ಕೋಣೆ ಮತ್ತು ಕೊಟ್ಟಿಗೆಯ ಜಾಗದಲ್ಲಿ ಬಚ್ಚಲು-ಶೌಚಾಲಯಗಳಿಗೆ 7 ಲಕ್ಷ, ಅಡುಗೆಮನೆ ಮತ್ತು ಪಡಸಾಲೆಗೆ 4 ಲಕ್ಷ, ನೀರಿನ ತೊಟ್ಟಿ ಹಾಗೂ ಸಣ್ಣ ಸೌರಘಟಕಕ್ಕೆ 3 ಲಕ್ಷ, ಹೀಗೆ ವ್ಯಾಪಾರದ ಹಾಳೆಯಲ್ಲಿ 14 ಲಕ್ಷ. ಕೈಯಲ್ಲಿರುವ 30 ಲಕ್ಷದಲ್ಲಿ ನಾಲ್ಕು ಲಕ್ಷ ತುರ್ತಿಗೆ ಉಳಿಯುತ್ತದೆ. ವರ್ಷದಲ್ಲಿ 120 ದಿನ, ದಿನಕ್ಕೆ ಸರಾಸರಿ 20 ಊಟವೆಂದರೆ 3.12 ಲಕ್ಷ, ಎರಡು ಕೋಣೆಗಳಿಂದ 220 ರಾತ್ರಿಗಳಿಗೆ 4.62 ಲಕ್ಷ. ಇಬ್ಬರ ಸಂಬಳ 3.6 ಲಕ್ಷ, ದುರಸ್ತಿ ನಿಧಿ 1.5 ಲಕ್ಷ, ಇತರೆ 1 ಲಕ್ಷ ಕಳೆದರೆ 1.64 ಲಕ್ಷ ಉಳಿಯುತ್ತದೆ. 14 ಲಕ್ಷದ ಮೇಲೆ ಇದು ಶೇ 11.7; ಆದರೆ 26 ಲಕ್ಷದ ಮೇಲೆ ಶೇ 6.3, ಬ್ಯಾಂಕಿನ ಠೇವಣಿಗೆ ಹೆಚ್ಚುಕಡಿಮೆ ಸಮ. ಅಣ್ಣ ಮೊದಲ ಅಂಕಿಯನ್ನು ಹೇಳುತ್ತಾನೆ, ಅತ್ತಿಗೆ ಎರಡನೆಯದನ್ನು. ಶೂಟಿಂಗ್‌ನ ಆದಾಯವನ್ನು ಸೇರಿಸಿಲ್ಲ.

ಈ ಅಂಕಿಗಳಲ್ಲಿ ದಿನಕ್ಕೆ 20 ಊಟ ಎಂಬುದು ಈಗಲೂ ಊಹೆಯೇ. ಆದ್ದರಿಂದ ಡಿಸೆಂಬರಿನಲ್ಲಿ ಎರಡು ಭಾನುವಾರ ಮತ್ತು ಎರಡು ಬುಧವಾರ, ಮತ್ತೆ ಮೇ ತಿಂಗಳಲ್ಲಿ ಅಷ್ಟೇ ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಹತ್ತಿರ ಕುಳಿತು ಬರುವ ವಾಹನಗಳನ್ನು ಎಣಿಸುವುದಾಗಿ ನಿಶ್ಚಯಿಸಿದ್ದೇವೆ. ಯಾವ ಊರಿನವು, ಎಷ್ಟು ಜನ, ಎಷ್ಟು ಹೊತ್ತು ನಿಂತರು, ಎಲ್ಲಿ ಊಟ ಮಾಡುತ್ತಾರೆ, ಇಷ್ಟನ್ನು ಬರೆದುಕೊಳ್ಳುತ್ತೇವೆ. ಹಿಸ್ಸೆಯ ವಿಚಾರಕ್ಕೆ ಧಾರವಾಡದಲ್ಲಿರುವ ಅತ್ತೆಯವರನ್ನು ಮುಂದಿನ ವಾರ ಭೇಟಿಯಾಗಲಿದ್ದೇವೆ. ಉಳಿದ ಆರು ಕೋಣೆಗಳ ಬೀಗ ಸದ್ಯಕ್ಕೆ ಹಾಗೆಯೇ ಇರುತ್ತದೆ. ಸವಳು ಮಾತ್ರ ಈ ಮಳೆಗಾಲಕ್ಕೆ ಮುಂಚೆಯೇ ಮಾಳಿಗೆಗೆ ಏರಬೇಕು; ಅದನ್ನು ತುಳಿಸಬಲ್ಲವರು ಸುತ್ತಮುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಇದ್ದರೆ ಸುಣ್ಣ-ಬೆಲ್ಲ ಅವರು ದಯವಿಟ್ಟು ತಿಳಿಸಬೇಕು.